ಬಾಗಿಲ ಪಕ್ಕದ ಸೀಮೆಸುಣ್ಣದ ಗುರುತು

ವಿಜಯನಗರದ ನಮ್ಮ ರಸ್ತೆಗೆ ಪೋಲಿಯೊ ಹನಿ ಹಾಕಲು ಬರುತ್ತಿದ್ದ ಆರೋಗ್ಯ ಇಲಾಖೆಯ ಆಕೆಗೆ ಬೆಲ್ ಒತ್ತುವ ಅಭ್ಯಾಸವೇ ಇರಲಿಲ್ಲ. ಹೆಗಲಿಗೆ ಐಸ್ ಡಬ್ಬ ತೂಗುಹಾಕಿಕೊಂಡು ಗೇಟಿನಿಂದಲೇ, "ಮಕ್ಕಳಿದಾರಾ ಮನೇಲಿ?" ಎಂದು ಕೂಗುತ್ತಿದ್ದಳು. ಆ ಕೂಗಿಗೆ ಮಲಗಿದ್ದ ಮಕ್ಕಳೂ ಎದ್ದು ಅಳಬೇಕು. ಹನಿ ಹಾಕಿದ ಮೇಲೆ ಬಾಗಿಲ ಪಕ್ಕದ ಗೋಡೆಗೆ ಸೀಮೆಸುಣ್ಣದಲ್ಲಿ ಗುರುತು ಬರೆದು ಹೊರಡುತ್ತಿದ್ದಳು.

ಎದುರುಮನೆಯ ಪುಟ್ಟ ಮಗಳು ಕಳೆದ ಮಳೆಗಾಲದಲ್ಲಿ ಡೆಂಗಿಯಿಂದ ತೀರಿಕೊಂಡಿದ್ದಳು. ಅದು ತಿಳಿಯದೆ ಆಕೆ ಈ ಸಲವೂ ಅಲ್ಲಿ ಹಾಗೆಯೇ ಕೂಗಿದಳು.

ತಾಯಿ ಹೊರಗೆ ಬಂದಳು. "ಇದ್ಳು ಅಕ್ಕಾ. ಈಗಿಲ್ಲ."

ಆಕೆ ಡಬ್ಬ ಕೆಳಗಿಟ್ಟಳು. ಆಮೇಲೆ, ಏನು ಮಾಡಬೇಕೆಂದು ತೋಚದೆ, ಗೋಡೆಯ ಹಳೆಯ ಗುರುತನ್ನು ಸೆರಗಿನಿಂದ ಒರೆಸಲು ಹೋದಳು.

"ಅಳಿಸ್ಬೇಡಿ ಅಕ್ಕಾ. ಅದೊಂದಾದ್ರೂ ಇರ್ಲಿ."

ನಮ್ಮ ಮನೆಗೆ ಬಂದಾಗ ಆಕೆ ಬೆಲ್ ಒತ್ತಿದಳು.