ಅವರ್ ಹಸ್ಬೆಂಡ್

ತಪ್ಪು ನನ್ನದೇ ಎಂದು ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಇಂಗ್ಲಿಷಿನ ಮೇಲೆ ಹರಿಹಾಯಲು ಅನುಕೂಲ. ಗೋವಿನಕೋವಿಯ ಮಹಿಳಾ ಸಂಘದಲ್ಲಿ ರೇಣುಕಕ್ಕ ಎಂಬ ಸಭ್ಯ ಗೃಹಿಣಿ, ಮೂಲೆಯಲ್ಲಿ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ ತಮ್ಮ ಯಜಮಾನರನ್ನು ತೋರಿಸಿ ‘ದಿಸ್ ಈಸ್ ಅವರ್ ಹಸ್ಬೆಂಡ್’ ಎಂದಾಗ, ನಾನು ಅಲ್ಲಿದ್ದ ಹನ್ನೊಂದು ಹೆಂಗಸರನ್ನೂ ಬೆರಳು ಮಡಚಿ ಎಣಿಸಿ, ರೇಣುಕಕ್ಕನದೇ ದನಿಯಲ್ಲಿ ‘ಇಷ್ಟೂ ಜನಕ್ಕೆ ಒಬ್ಬರೇ ಏನ್ರಿ?’ ಎಂದೆ. ಅಣಕಿಸುವುದು ನನಗೆ ಹುಟ್ಟಿನಿಂದ ಅಂಟಿದ ರೋಗ. ಚನ್ನಗಿರಿ ಬಸ್ಸಿನ ಕಂಡಕ್ಟರನಿಂದ ಹಿಡಿದು ಕನ್ನಡಿಯೊಳಗಿನ ನನ್ನವರೆಗೆ ಯಾರನ್ನೂ ಬಿಟ್ಟವನಲ್ಲ. ಎಲ್ಲರೂ ನಕ್ಕರು. ರೇಣುಕಕ್ಕ ಮಾತ್ರ ಕೈಯಲ್ಲಿದ್ದ ಭಾಷಣದ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟು, ‘ನೀವೇ ಮಾತಾಡ್ರಿ’ ಎಂದು ಎದ್ದು ಹೋದರು.

ಆ ಮಾತಿನ ಭಾರ ನಿಮಗೂ ತಿಳಿಯಬೇಕು. ಸಂಘದವರು ಅಡಿಕೆ ಹಾಳೆ ಒತ್ತಿ ಊಟದ ತಟ್ಟೆ ಮಾಡುತ್ತಾರೆ. ಯಂತ್ರ ಒಂದೇ, ಸರದಿಗೆ ಕಾಯುವವರು ಹನ್ನೊಂದು ಮಂದಿ. ಕನ್ನಡ ಬಾರದ ಅತಿಥಿಗಳು ಗುರುವಾರ ಬಂದು, ಕೆಲಸ ನೋಡಿ, ವಿವರಣೆ ಕೇಳಿ, ಮನಸ್ಸಿಗೆ ಬಂದರೆ ಎರಡನೆಯ ಯಂತ್ರ ಕೊಡುವವರಿದ್ದರು. ಅದಕ್ಕೆಂದೇ ಹೊನ್ನಾಳಿಯ ಬೇಕರಿಯೊಂದರ ಮಹಡಿಯಲ್ಲಿ ಇಂಗ್ಲಿಷ್ ಹೇಳಿಕೊಡುವ ನನ್ನನ್ನು ಕರೆಸಿದ್ದರು. ಹಾಳೆ ಎಷ್ಟು ಹೊತ್ತು ನೆನೆಯಬೇಕು, ಎಷ್ಟು ಬಿಸಿಗೆ ಸೀದುಹೋಗುತ್ತದೆ ಎಂಬುದು ಕರಾರುವಾಕ್ಕಾಗಿ ಗೊತ್ತಿದ್ದದ್ದು ರೇಣುಕಕ್ಕನಿಗೆ. ನನಗೆ ಗೊತ್ತಿದ್ದದ್ದು ವ್ಯಾಕರಣ. ಅದನ್ನು ಎಷ್ಟು ಒತ್ತಿದರೂ ತಟ್ಟೆಯಾಗುವುದಿಲ್ಲ.

ಹೊನ್ನಾಳಿಗೆ ಮರಳುವ ಬಸ್ಸಿನಲ್ಲಿ ಸಿಟ್ಟು ನೆತ್ತಿಗೇರಿತು. ಮೊದಲು ನನ್ನ ಮೇಲೆ. ಅದನ್ನು ಬಹಳ ಹೊತ್ತು ತಾಳಲಾರದೆ ಇಂಗ್ಲಿಷಿನ ಮೇಲೆ. ನೀವೇ ಹೇಳಿ, ಜಗಳೂರಿನ ನಮ್ಮ ಮನೆಗೆ ನಾನೊಬ್ಬನೇ ಮಗ, ಆದರೂ ಮಾತು ಬಂದಂದಿನಿಂದ ‘ನಮ್ಮಪ್ಪ’, ‘ನಮ್ಮವ್ವ’. ಒಂದು ದಿನ ‘ನನ್ನ ಅಪ್ಪ’ ಎಂದರೆ ಅವರು ಕನ್ನಡಕ ತೆಗೆದು, ಭಾಗ ಕೇಳಾಕೆ ಬಂದೀಯೇನಪ್ಪಾ ಎಂದು ಕೇಳುವುದು ಖಂಡಿತ. ಸರ್ಕಾರದ ಬಸ್ಸು ಕೂಡ ಚನ್ನಗಿರಿ ನಿಲ್ದಾಣದಲ್ಲಿ ಕಣ್ಣಿಗೆ ಬಿದ್ದೊಡನೆ ‘ನಮ್ ಬಸ್ಸು’. ಸರ್ವನಾಮವೆಂದರೆ ಸರ್ವರಿಗೂ ಸೇರಿದ್ದೆಂದು ನಂಬಿದ ಜನ ನಾವು. ಇಂಗ್ಲಿಷಿನವರೋ, ದೇವರನ್ನೂ ಬಿಡದೆ ‘ಮೈ ಗಾಡ್’ ಎಂದು ಸ್ವಂತಕ್ಕೆ ಬರೆಸಿಕೊಂಡವರು. ಅವರಿಗೆ ಮೈಯೆಲ್ಲ ‘ಮೈ’. ಇನ್ನೂ ಉರಿಯುವ ಸಂಗತಿಯೆಂದರೆ, ‘ನಮ್ಮ’ ಎನ್ನಲು ಆ ಭಾಷೆಯಲ್ಲಿರುವ ಪದ ‘ಅವರ್’. ನಮ್ಮದೆಂದು ಬಾಯಿ ತೆರೆಯುವಷ್ಟರಲ್ಲಿ ಅವರದಾಗಿಬಿಡುವ ಈ ಕಣ್ಕಟ್ಟನ್ನು ಸಹಿಸಿಕೊಂಡು, ನಾನು ಅದನ್ನೇ ಕಲಿಸಿ ಹೊಟ್ಟೆ ಹೊರೆಯುತ್ತಿದ್ದೇನಲ್ಲ ಎಂದು ಮತ್ತೆ ನನ್ನ ಮೇಲೆಯೇ ರೇಗಿದೆ.

ಮರುದಿನ ಕ್ಷಮೆ ಕೇಳಲು ರೇಣುಕಕ್ಕನ ಮನೆಗೆ ಹೋದೆ. ಅವರ ಅತ್ತೆ ನಾಗಮ್ಮಜ್ಜಿ ಮಂಡಕ್ಕಿ ತಂದಿಟ್ಟು ಎದುರಿಗೇ ಕುಳಿತರು. ನನ್ನನ್ನು ನಾನೇ ಅಣಕಿಸಿ ತೋರಿಸಿ, ತಪ್ಪಾಯಿತೆಂದೆ. ಅಷ್ಟಕ್ಕೇ ಸುಮ್ಮನಿದ್ದರೆ ಮೇಷ್ಟ್ರು ಹೇಗಾದೇನು? ‘ಮೈ ಹಸ್ಬೆಂಡ್’ ಎಂದುಬಿಟ್ಟರೆ ಉಳಿದದ್ದೆಲ್ಲ ಸರಿಯಿದೆ ಎಂದು ಸೇರಿಸಿದೆ. ರೇಣುಕಕ್ಕ ಅತ್ತೆಯ ಕಡೆ ನೋಡಿದರು. ಅಜ್ಜಿ, ಮೈ ಅಂದರೇನು ಎಂದು ವಿಚಾರಿಸಿದರು. ‘ನನಗೊಬ್ಬಳಿಗೇ ಸೇರಿದ್ದು’ ಎಂದು ನಾನು ಶಬ್ದಾರ್ಥ ಬಿಡಿಸಿದೆ.

‘ಹೆತ್ತೋಳು ಇಲ್ಲೇ ಕುಂತೀನಿ ತಮ್ಮಾ’ ಎಂದರು ಅಜ್ಜಿ.

ಮಂಡಕ್ಕಿ ನೆತ್ತಿಗೆ ಹತ್ತಿತು. ನಾನು ಕೆಮ್ಮುವುದನ್ನು ನೋಡಿ ರೇಣುಕಕ್ಕ ಮೊದಲ ಸಲ ನಕ್ಕು, ಚೀಟಿ ಕೊಡಿ ಎಂದು ಕೈ ನೀಡಿದರು.

ಗುರುವಾರ ಅತಿಥಿಗಳೆದುರು ನಾನು ಗತ್ತಿನಿಂದ ‘ಮೈ ಸ್ಟೂಡೆಂಟ್’ ಎಂದು ಪರಿಚಯಿಸಿ, ಕೀರ್ತಿಯನ್ನು ಮುಂಗಡವಾಗಿ ಜೇಬಿಗಿಳಿಸಿದೆ. ರೇಣುಕಕ್ಕ ‘ಅವರ್ ಮೆಷಿನ್’ ತೋರಿಸಿದರು, ‘ಅವರ್ ಅತ್ತೆ’ಯನ್ನು ತೋರಿಸಿದರು. ‘ಅವರ್ ಹಸ್ಬೆಂಡ್’ ಬಂದಾಗ ನಾನು ಬೆರಳುಗಳನ್ನು ಜೇಬಿನೊಳಗೇ ಹಿಡಿದುಕೊಂಡಿದ್ದೆ. ಅತಿಥಿಗಳು ನಗಲಿಲ್ಲ; ಅವರ ಕಣ್ಣಿದ್ದದ್ದು ಆಗತಾನೆ ಒತ್ತಿ ತೆಗೆದ ತಟ್ಟೆಗೆ ಕುದಿಯುವ ಸಾರು ಸುರಿದು, ಅಡಿಯನ್ನು ಒಣಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ತಮ್ಮ ಕೈಗೇ ಕೊಟ್ಟ ರೇಣುಕಕ್ಕನ ಮೇಲೆ. ಬಟ್ಟೆ ಒಣಗಿಯೇ ಇತ್ತು. ಎರಡನೆಯ ಯಂತ್ರಕ್ಕೆ ಅಲ್ಲಿಯೇ ಒಪ್ಪಿಗೆ ಸಿಕ್ಕಿತು.

ಅತಿಥಿಗಳ ಕಾರು ತಿರುವು ದಾಟಿದ ಮೇಲೂ ನನ್ನ ರೋಗ ಬಿಡಬೇಕಲ್ಲ. ಎಲ್ಲ ಚೆನ್ನಾಗಿತ್ತು ರೇಣುಕಕ್ಕ, ಆದರೆ ಅಷ್ಟುದ್ದದ ಭಾಷಣದಲ್ಲಿ ನನ್ನ ಮರ್ಯಾದೆಗಾದರೂ ಒಂದು ‘ಮೈ’ ಬರಬಾರದಿತ್ತೇ ಎಂದು ಗೊಣಗಿದೆ. ಅವರು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತ, ತಲೆ ಎತ್ತದೆ ಹೇಳಿದರು:

‘ಹಲ್ಲುಜ್ಜೋ ಬ್ರಷ್ಷಿಗೆ ಮೈ ಅಂತೀನ್ರಿ ಮೇಷ್ಟ್ರೇ. ಮನುಷ್ಯರಿಗೆ ಹೆಂಗ್ರೀ ಅನ್ನಾದು?’