ಅಪ್ಪನ ವಾಚಿನ ರಿಂಗು

ಗೆಳೆಯರೇ, ಇವತ್ತು ಗಂಗಾನಗರದ ವಾಚ್ ಅಂಗಡಿಯಲ್ಲಿ ನಾನು ಕಿರುಚಾಡಿಬಿಟ್ಟೆ.

ತೀರಿಹೋದ ಅಪ್ಪನ ಡೈವಿಂಗ್ ವಾಚಿಗೆ ಹೊಸ ಬೆಲ್ಟ್ ಹಾಕಿಸಲು ಹೋಗಿದ್ದೆ. ಅಪ್ಪನಿಗೆ ಈಜು ಬರುತ್ತಿರಲಿಲ್ಲ. ಹೆಬ್ಬಾಳ ಕೆರೆಯನ್ನೂ ಫ್ಲೈಓವರ್ ಮೇಲಿಂದಲೇ ನೋಡಿದವರು. ಸ್ನಾನಕ್ಕೆ ಹೋಗುವಾಗ ಈ ವಾಚನ್ನು ಬಿಚ್ಚಿಟ್ಟು ಹೋಗುತ್ತಿದ್ದರು.

ಅಂಗಡಿಯವರು ಬೆಲ್ಟ್ ಹಾಕಿ, ಗಾಜು ಒರೆಸಿ, ಅದರ ಸುತ್ತಲಿನ ರಿಂಗನ್ನು ಕಟಕಟ ತಿರುಗಿಸಿ ಹನ್ನೆರಡಕ್ಕೆ ತಂದು ಕೊಟ್ಟರು.

"ಅದನ್ಯಾಕ್ರೀ ಮುಟ್ಟಿದ್ರಿ?"

"ಸೊಟ್ಟಗಿತ್ತು ಮೇಡಂ, ಸರಿ ಮಾಡ್ದೆ. ಈ ರಿಂಗ್ ಇರೋದು ಸಮುದ್ರದಲ್ಲಿ ಮುಳುಗೋರಿಗೆ. ನೀರಿಗಿಳಿಯೋವಾಗ ತಿರುಗಿಸಿಟ್ಕೊಂಡ್ರೆ, ಸಿಲಿಂಡರಲ್ಲಿ ಗಾಳಿ ಇನ್ನೆಷ್ಟೊತ್ತು ಬರುತ್ತೆ ಅಂತ ಗೊತ್ತಾಗುತ್ತೆ. ಮೊದಲೆಲ್ಲ ಅವರಿಗೆ ಇದೊಂದೇ ಲೆಕ್ಕ."

ನಮ್ಮಪ್ಪನೂ ಅದಕ್ಕೇ ಬಳಸಿದ್ದು. ಕೊನೆಯ ತಿಂಗಳು ಮನೆಯಲ್ಲಿ ಆಕ್ಸಿಜನ್ ಸಿಲಿಂಡರ್ ಬದಲಾಯಿಸಿದಾಗಲೆಲ್ಲ, ಮಲಗಿದ್ದಲ್ಲೇ ಆ ರಿಂಗನ್ನು ತಿರುಗಿಸಿಟ್ಟುಕೊಳ್ಳುತ್ತಿದ್ದರು. ಇವರು ಸರಿ ಮಾಡಿದ್ದು, ಅಪ್ಪ ಕೊನೆಯ ಸಲ ಇಟ್ಟುಹೋದ ಗುರುತನ್ನು. ಅದನ್ನೇ ಅಂಗಡಿಯಲ್ಲಿ ಕೂಗಿ ಹೇಳಿದೆ.

ಅವರ ಮುಖ ಸಣ್ಣಗಾಯಿತು. "ಅಯ್ಯೋ, ಎಲ್ಲಿತ್ತು ಹೇಳಿ ಮೇಡಂ, ಅಲ್ಲಿಗೇ ಇಟ್ಕೊಡ್ತೀನಿ."

ನನಗೆ ನೆನಪಾಗಲಿಲ್ಲ. ಆರು ತಿಂಗಳು ಬೀರುವಿನಲ್ಲಿ ಜೋಪಾನ ಮಾಡಿದ್ದೆ, ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ.

ಕಣ್ಣೀರು ವಾಚಿನ ಮೇಲೇ ಬಿತ್ತು. ಗಾಬರಿಯಾಗಿ ದುಪಟ್ಟಾದಲ್ಲಿ ಒರೆಸತೊಡಗಿದೆ.

"ಬಿಡಿ ಮೇಡಂ," ಎಂದರು ಅವರು ಮೆಲ್ಲಗೆ. "ಇನ್ನೂರು ಮೀಟರ್ ಆಳದ ನೀರು ತಡ್ಕೊಳ್ಳುತ್ತೆ ಅದು."