ಶಂಕ್ರೆವ್ವನ ನಾಲಿಗೆ, ಮೋತ್ಯಾನ ಕಣ್ಣು

ಹೇಸಿಗೆ ಎಂದರೆ ನನಗೆ ಮೊದಲು ನೆನಪಾಗುವುದು ಕುರಿ ಕಾಯುವ ಶಂಕ್ರೆವ್ವನ ನಾಲಿಗೆ. ನಮ್ಮ ಅಗರಖೇಡದಲ್ಲಿ ಜೋಳದ ರಾಶಿ ಶುರುವಾಯಿತೆಂದರೆ ಊರಿಗೆ ಊರೇ ಕಣ್ಣು ಉಜ್ಜಿಕೊಳ್ಳುತ್ತಿತ್ತು. ತೂರುವಾಗ ಹಾರುವ ಸುಂಕು, ಆ ಮುಳ್ಳಿನಂಥ ನವಿರು ಹೊಟ್ಟು, ಒಮ್ಮೆ ರೆಪ್ಪೆಯೊಳಗೆ ಹೊಕ್ಕಿತೋ, ನೀರಿಗೂ ಬಾರದು, ಸೆರಗಿನ ತುದಿಗೂ ಸಿಗದು. ಆಗ ಶಂಕ್ರೆವ್ವನೇ ಗತಿ. ತಲೆ ಹಿಡಿದು, ರೆಪ್ಪೆ ಅಗಲಿಸಿ, ನಾಲಿಗೆಯ ತುದಿಯನ್ನು ಕಣ್ಣುಗುಡ್ಡೆಯ ಮೇಲೆ ಆಡಿಸಿ ಕಸ ತೆಗೆದು ಉಗುಳುತ್ತಿದ್ದಳು. ಥೂ! ನಾನು ಗೌಡರ ಹೆಂಡತಿ, ನಮ್ಮ ಪಡಸಾಲೆಯಲ್ಲೇ ಇದೆಲ್ಲ ನಡೆಯುತ್ತಿತ್ತು, ನೋಡಿದಾಗಲೆಲ್ಲ ಮುಖ ತಿರುಗಿಸಿಕೊಳ್ಳುತ್ತಿದ್ದೆ. ಆದರೂ ಆಕೆ ಬಂದರೆ ಕೂರಲು ಕಂಬಳಿ ಹಾಸುತ್ತಿದ್ದೆವು. ಗಂಡ ಸತ್ತ ಬಡ ಹೆಂಗಸು, ಆಕೆಗೆ ಊರಲ್ಲಿ ಇದ್ದ ಮರ್ಯಾದೆ ಅದೊಂದೇ.

ಎಪ್ಪತ್ತಾರರ ಮಳೆಗಾಲ ಮುಗಿಯುವ ಹೊತ್ತಿಗೆ ಆಕೆಯ ನಾಯಿ ಮೋತ್ಯಾನ ಕಣ್ಣಿಗೆ ಹುಳ ಬಿತ್ತು. ತೋಳದೊಂದಿಗೆ ಕಾದಾಡಿ ಒಂದು ಕಣ್ಣು ಎಂದೋ ಹೋಗಿತ್ತು. ಉಳಿದೊಂದು ಈಗ ಸೋರತೊಡಗಿತು. ಮಜ್ಜಿಗೆಗೆಂದು ಬಂದಾಗ ಅದನ್ನೂ ಎಳೆದುಕೊಂಡು ಬಂದಿದ್ದಳು. ಬಗ್ಗಿ ನೋಡಿದೆ, ನೋಡಬಾರದಿತ್ತು. ಹಳದಿ ಪಿಚ್ಚು, ಅದರ ಸುತ್ತ ನೊಣಗಳ ಸಂತೆ. ಪಿಚ್ಚು ಒರೆಸಿದರೆ ಗುಡ್ಡೆಯ ಮೇಲೆ ಬಿಳಿ ನೂಲಿನಂಥ ಹುಳಗಳು ಹರಿದಾಡುತ್ತಿದ್ದವು! ಒಂದು ರೆಪ್ಪೆಯಡಿ ನುಸುಳಿದರೆ ಇನ್ನೊಂದು ಹೊರಗೆ ಬರುತ್ತಿತ್ತು. ಶಿವಶಿವಾ, ನನ್ನ ಕಣ್ಣೇ ಕಡಿಯತೊಡಗಿತು.

“ತುಂಬಿ ಗಿಡದ ರಸ ಬಿಟ್ಟೆ, ಉಪ್ಪಿನ ನೀರು ಬಿಟ್ಟೆ, ಹೋಗವಲ್ಲವು ಗೌಡಸಾನೇರ,” ಎಂದಳು ಶಂಕ್ರೆವ್ವ. ಇಂಡಿ ಪಟ್ಟಣದ ದನದ ದವಾಖಾನೆಗೆ ಒಯ್ಯೋಣವೆಂದರೆ ಬಸ್ಸಿನವರು ಕುರಿ ಹತ್ತಿಸಿಕೊಂಡಾರು, ಇಂಥ ನಾಯಿಯನ್ನಲ್ಲ. ಸೆರಗಿನ ತುದಿ ತಾಗಿಸಿದಳು. ಹುಳ ಒಳಗೆ ಜಾರಿದವು. ನಾಯಿ ಕುಂಯ್ಗುಡುತ್ತ ಪಂಜದಿಂದ ಕಣ್ಣು ಕೆರೆದುಕೊಂಡಿತು. ಶಂಕ್ರೆವ್ವ ಅದರ ತಲೆ ಹಿಡಿದ ರೀತಿ ನೋಡಿಯೇ ನನಗೆ ಗೊತ್ತಾಯಿತು.

“ಏ, ಹುಚ್ಚು ಗಿಚ್ಚು ಹಿಡದೈತೇನು ನಿನಗ? ನಾಯಿ ಕಣ್ಣಿಗೆ ನಾಲಿಗಿ ಹಚ್ಚಿದಿ ಅಂದ್ರ ನಾಳಿಂದ ಊರಾಗ ಒಬ್ರೂ ನಿನ್ನ ಮುಂದ ಕುಂದ್ರೂದಿಲ್ಲ!”

“ಹೌದ್ರಿ. ಆದ್ರ ಇದಕ್ಕ ಇರೂದ ಒಂದ ಕಣ್ಣು,” ಎಂದವಳೇ ಬಗ್ಗಿದಳು.

ನೆಕ್ಕಿ ನೆಕ್ಕಿ ಉಗುಳಿದಳು. ಎಂಜಲಿನ ಜೊತೆ ಬಿದ್ದ ಹುಳ ನಮ್ಮ ಅಂಗಳದ ಮಣ್ಣಿನಲ್ಲಿ ಸುತ್ತಿಕೊಳ್ಳುತ್ತಿದ್ದವು. ನೀರು ಹೊತ್ತು ಬರುತ್ತಿದ್ದ ಹೆಂಗಸರು ಮೂಗು ಮುಚ್ಚಿಕೊಂಡು ಓಡಿದರು. ನಾನು ಉಟ್ಟ ಸೀರೆಯಲ್ಲೇ ತಲೆಯ ಮೇಲೆ ನೀರು ಸುರುವಿಕೊಂಡೆ.

ಮೋತ್ಯಾನ ಕಣ್ಣು ತಿಳಿಯಾಯಿತು, ನಾಯಿ ಮತ್ತೆ ಕುರಿಯ ಹಿಂದೆ ಅಡವಿಗೆ ಹೋಗತೊಡಗಿತು. ಶಂಕ್ರೆವ್ವನನ್ನು ಮಾತ್ರ ಯಾರೂ ಕರೆಯಲಿಲ್ಲ. ಎಲ್ಲರಿಗಿಂತ ಹೆಚ್ಚು ಬೈದವರು ನನ್ನ ಗಂಡ ಪರಪ್ಪಗೌಡರು. ಆಕೆ ಓಣಿಯಲ್ಲಿ ಹಾದರೆ ಸಾಕು, ಕಟ್ಟೆಯ ಮೇಲಿಂದಲೇ ಕ್ಯಾಕರಿಸಿ ಉಗುಳುತ್ತಿದ್ದರು.

ರಾಶಿ ಬಂತು. ಸುಂಕು ಹೋಗಿ ಹೊಕ್ಕಿದ್ದು ಗೌಡರ ಕಣ್ಣಿಗೇ. ತುಪ್ಪ ಬಿಟ್ಟೆವು, ಹಾಲು ಬಿಟ್ಟೆವು. ಕಣ್ಣು ಕೆಂಡವಾಗಿ ಊದಿಕೊಂಡಿತು. ಅಷ್ಟು ದೊಡ್ಡ ಗಂಡಸು ಗೋಡೆಗೆ ತಲೆ ಚಚ್ಚಿಕೊಳ್ಳುತ್ತ, “ಕರಸ ಆಕಿನ್ನ!” ಎಂದು ಒದರಿದರು. ಹೇಳಿ ಕಳಿಸಿದೆ, ಬಂದಳು. ಆ ನಾಲಿಗೆ ನೆನೆದು ನೀರಿನ ತಂಬಿಗೆಯನ್ನು ದೂರದಲ್ಲೇ ಇಟ್ಟೆ.

“ಬಾಯಿ ಮುಕ್ಕಳಸು. ಉಪ್ಪು ಹಾಕೇನಿ, ಚಲೋತ್ನಾಗಿ ಮುಕ್ಕಳಸು.”

ತಂಬಿಗೆ ಬರಿದಾಗುವವರೆಗೂ ಮುಕ್ಕಳಿಸಿದಳು. ಆಮೇಲೆ ನನ್ನ ಮುಖ ನೋಡಿ ಹೇಳಿದಳು:

“ಈ ಊರಾಗಿನ ಕಣ್ಣೆಲ್ಲಾ ನೆಕ್ಕೇನ್ರಿ. ಪಿಚ್ಚು, ಕಾಡಿಗಿ, ಬೆವರು, ಗೌಡರ ಬಾಯಾಗಿನ ತಂಬಾಕದ ವಾಸ್ನಿ. ಒಂದೊಂದು ಸಲಾನೂ ಹೇಸಿಕಿ ಆಗಿ ಮನಿಗೆ ಹೋಗಿ ಕಾರ್ಕೊಂಡೇನಿ. ನಿಮಗ ಕೆಟ್ಟ ಅನಸಬಾರದಂತ ಯಾರ ಮುಂದೂ ತೋರಿಸಿಲ್ಲ. ಮೋತ್ಯಾನ ಕಣ್ಣು ನೆಕ್ಕಿದಾಗ ಮಾತ್ರ ಏನೂ ಅನಸಲಿಲ್ರಿ.”

ಗೌಡರು ಮುಖ ಎತ್ತಿ ಕೂತರು. ಆಕೆ ಅವರ ತಲೆ ಹಿಡಿದು, ರೆಪ್ಪೆ ಅಗಲಿಸಿ, ಸುಂಕು ತೆಗೆದು ಉಗುಳಿದಳು. “ಆತ್ರಿ,” ಎಂದು ಹಿತ್ತಿಲ ಬಾಗಿಲಿನಿಂದ ಹೊರಟಳು. ಗೋಡೆಯಾಚೆ ಆಕೆ ಕಾರಿಕೊಳ್ಳುವ ಸದ್ದು ನಮಗಿಬ್ಬರಿಗೂ ಕೇಳಿಸಿತು. ಈ ಸಲ ಮನೆ ಮುಟ್ಟುವವರೆಗೂ ಆಕೆ ತಡೆದುಕೊಳ್ಳಲಿಲ್ಲ.